ವಿದೇಶದಲ್ಲಿ ಯೋಗಶಿಬಿರ: ಸ್ಥಳದ ಆಯ್ಕೆಗೆ ಕೆಲವು ಸೂಚನೆಗಳು

ಹೊರದೇಶದಲ್ಲಿ ಏಳೆಂಟು ದಿನಗಳ ವಸತಿಸಹಿತ ಯೋಗಶಿಬಿರ ನಡೆಸಬೇಕೆಂಬ ಅಪೇಕ್ಷೆ ಇತ್ತೀಚಿನ ವರ್ಷಗಳಲ್ಲಿ ಸದ್ಭಕ್ತರಲ್ಲಿಯೂ ಯೋಗಬಂಧುಗಳಲ್ಲಿಯೂ ಹೆಚ್ಚುತ್ತಿದೆ. ಸಲಹೆ ಕೇಳಲು ಶ್ರೀಮಠದ ಕಾರ್ಯಾಲಯಕ್ಕೆ ಬರುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಒಂದೆರಡು ಚಿತ್ರಗಳನ್ನು ತೋರಿಸುತ್ತಾರೆ. ಹಸಿರು ಗದ್ದೆಯ ನಡುವೆ ಬಿದಿರಿನ ಮಂಟಪ, ಅದರಾಚೆ ಮಂಜು. ಚಿತ್ರ ಸುಳ್ಳಲ್ಲ. ಆದರೆ ಆ ಮಂಟಪಕ್ಕೆ ಹೋಗುವ ದಾರಿ, ಅದರ ನೆಲ, ಅಲ್ಲಿಯ ಅಡುಗೆಮನೆ, ಆ ದೇಶದ ಕಾನೂನು, ಇವು ಯಾವುವೂ ಚಿತ್ರದಲ್ಲಿ ಕಾಣುವುದಿಲ್ಲ. ಕೇಳುವವರಲ್ಲಿ ಹೆಚ್ಚಿನವರ ಮನಸ್ಸು ಇಂಡೋನೇಷ್ಯಾದ ಬಾಲಿ ದ್ವೀಪದ ಕಡೆಗೆ, ಅದರಲ್ಲಿಯೂ ಉಬುದ್ ಪಟ್ಟಣದ ಕಡೆಗೆ ಇರುವುದರಿಂದ ಅದನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ. ಶ್ರೀಲಂಕಾ ಮತ್ತು ನೇಪಾಳಗಳನ್ನು ಹೋಲಿಕೆಗಾಗಿ ಅಲ್ಲಲ್ಲಿ ತಂದಿದ್ದೇವೆ.

ನಮ್ಮದೇ ಒಂದು ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ನಮ್ಮ ಬಳಗವು ಉಬುದ್ ಸಮೀಪದ ಒಂದು ತಾಣವನ್ನು ಚಿತ್ರ ನೋಡಿಯೇ ನಿಗದಿಪಡಿಸಿತು. ಆ ಭಾಗದ ನದಿಗಳು ಆಳವಾದ ಕಮರಿಗಳಲ್ಲಿ ಹರಿಯುತ್ತವೆ. ನಮ್ಮ ಕೊಠಡಿಗಳು ಕಮರಿಯ ಅಂಚಿನಲ್ಲಿದ್ದವು, ಯೋಗಮಂಟಪ ಕೆಳಗೆ ನೀರಿನ ಬಳಿ ಇತ್ತು. ನಡುವೆ 96 ಮೆಟ್ಟಿಲುಗಳು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ, ಬೆಳಗಿನ ಹೊತ್ತು ಕಲ್ಲು ಪಾಚಿಯಿಂದ ಜಾರುತ್ತಿತ್ತು. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನಿವೃತ್ತ ಶಿಕ್ಷಕಿಯೊಬ್ಬರು, ಪಿಂಚಣಿಯಲ್ಲಿ ಎರಡು ವರ್ಷ ಉಳಿಸಿ ಬಂದಿದ್ದವರು, ಮೊದಲ ದಿನ ಹೇಗೋ ಇಳಿದು ಹತ್ತಿದರು. ಉಳಿದ ಆರು ದಿನ ಕೊಠಡಿಯ ಮುಂದಿನ ಜಗಲಿಯಲ್ಲಿಯೇ ಕುಳಿತರು. ಶುಲ್ಕ ಹಿಂದಿರುಗಿಸುತ್ತೇವೆಂದು ನಾವು ಹೇಳಿದಾಗ, “ಹಣದ ಮಾತು ಬೇಡ ಸರ್. ಮೆಟ್ಟಿಲು ಎಷ್ಟು ಅಂತ ಮೊದಲೇ ಒಂದು ಮಾತು ಕೇಳಬಹುದಾಗಿತ್ತಲ್ಲ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾವು ಕ್ರಮವನ್ನು ತಿರುಗಿಸಿಕೊಂಡಿದ್ದೇವೆ. ಮೊದಲು ಬರುವವರ ಪಟ್ಟಿ, ಆಮೇಲೆ ಸ್ಥಳ. ಪಟ್ಟಿಯಲ್ಲಿ ಅತ್ಯಂತ ಅಶಕ್ತರು ಯಾರೋ ಅವರಿಗೆ ಹೊಂದುವ ತಾಣವನ್ನೇ ಹುಡುಕುತ್ತೇವೆ. ಗಟ್ಟಿಮುಟ್ಟಾದವರು ಎಲ್ಲಿ ಬೇಕಾದರೂ ಆಸನ ಹಾಕಿಯಾರು.

ದಾರಿ ಮತ್ತು ನೆಲ

ಬಾಲಿಯ ವಿಮಾನನಿಲ್ದಾಣವು ದ್ವೀಪದ ದಕ್ಷಿಣದಲ್ಲಿ, ಡೆನ್‌ಪಸಾರ್ ನಗರದ ಬಳಿ ಇದೆ. ಅಲ್ಲಿಂದ ಉಬುದ್‌ಗೆ 40 ಕಿಲೋಮೀಟರಿಗಿಂತ ಕಡಿಮೆ. ಆದರೆ ಇಕ್ಕಟ್ಟಾದ ರಸ್ತೆ, ವಾಹನದಟ್ಟಣೆಗಳಿಂದಾಗಿ ಒಂದೂವರೆ ಗಂಟೆಯನ್ನಾದರೂ ಎಣಿಸಿಕೊಳ್ಳಬೇಕು. ದೊಡ್ಡ ಆಸ್ಪತ್ರೆಗಳು ಡೆನ್‌ಪಸಾರ್ ಕಡೆ ಇರುವುದರಿಂದ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಅದೇ ರಸ್ತೆಯಲ್ಲಿ ಹಿಂದಿರುಗಬೇಕು. ಆದ್ದರಿಂದ ತಾಣವು ಉಬುದ್‌ನಿಂದ ಇನ್ನೂ ಎಷ್ಟು ಒಳಗಿದೆ, ಬಾಗಿಲವರೆಗೆ ಕಾರು ಬರುತ್ತದೆಯೇ ಎಂಬುದನ್ನು ಮೊದಲು ಕೇಳಬೇಕು. ಗದ್ದೆಯ ಬದುವಿನ ಮೇಲೆ ಸ್ಕೂಟರಿನಲ್ಲಿ ಮಾತ್ರ ತಲುಪಬಹುದಾದ ತಾಣಗಳೂ ಅಲ್ಲಿವೆ.

ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 5 ಗಂಟೆಯಾದಾಗ ನಮ್ಮ ದೇಹಕ್ಕೆ 2.30. ತಲುಪಿದ ಮರುದಿನವೇ ಬ್ರಾಹ್ಮೀ ಮುಹೂರ್ತದಲ್ಲಿ ಪ್ರಾಣಾಯಾಮಕ್ಕೆ ಕೂರಿಸುವ ಉತ್ಸಾಹ ಬೇಡ. ಶ್ರೀಲಂಕಾದಲ್ಲಿ ವೇಳೆ ನಮ್ಮದೇ, ನೇಪಾಳದಲ್ಲಿ ಹದಿನೈದೇ ನಿಮಿಷದ ವ್ಯತ್ಯಾಸ. ಹಿರಿಯರೇ ಹೆಚ್ಚಾಗಿರುವ ತಂಡಕ್ಕೆ ಇದು ಸಣ್ಣ ಅನುಕೂಲವಲ್ಲ.

ಯೋಗಮಂಟಪವನ್ನು ಅಲ್ಲಿ ‘ಶಾಲಾ’ ಎಂದೇ ಕರೆಯುತ್ತಾರೆ. ನಮ್ಮ ಮಾತೇ ಸುತ್ತಿಬಂದು ನಮ್ಮ ಕಿವಿಗೆ ಬೀಳುವಾಗ ಸಂತೋಷವಾಗುತ್ತದೆ. ಆದರೆ ‘ಮೂವತ್ತು ಜನರ ಶಾಲಾ’ ಎಂದು ಬರೆದಿದ್ದರೆ ಅದು ಚಾಪೆಗೆ ಚಾಪೆ ತಾಗಿಸಿದ ಲೆಕ್ಕವಿರಬಹುದು. ಒಬ್ಬರು ಶವಾಸನದಲ್ಲಿ ಕೈಕಾಲು ಚೆಲ್ಲಿ ಮಲಗಲು ಸುಮಾರು 2.2 ಮೀಟರ್ ಉದ್ದ, 1.5 ಮೀಟರ್ ಅಗಲ, ಅಂದರೆ ಮೂರು ಚದರ ಮೀಟರಿಗೂ ಮಿಗಿಲಾದ ಜಾಗ ಬೇಕು. ಇಪ್ಪತ್ತು ಜನರಿಗೆ 66. ಗುರುಗಳ ಸ್ಥಾನ, ಓಡಾಡುವ ದಾರಿ ಸೇರಿ 80 ಚದರ ಮೀಟರ್. ಇಷ್ಟಿಲ್ಲದಿದ್ದರೆ ತಂಡವನ್ನು ಎರಡಾಗಿ ಒಡೆಯಬೇಕು. ನೆಲವು ಮರದ್ದಾದರೆ ಉತ್ತಮ. ಬಿದಿರಿನ ದಬ್ಬೆಯ ನೆಲ ಸಂದು ಬಿಟ್ಟು ಕುಲುಕುತ್ತದೆ, ವೃಕ್ಷಾಸನದಲ್ಲಿ ನಿಂತವರಿಗೆ ಅದು ತಿಳಿಯುತ್ತದೆ. ನುಣುಪಾದ ಟೈಲ್ಸ್ ಮೇಲೆ ಮಳೆಯ ಎರಚಲು ಬಿದ್ದರೆ ಅಪಾಯವೇ ಸರಿ. ನಾಲ್ಕೂ ಬದಿ ತೆರೆದಿರುವ ಮಂಟಪದಲ್ಲಿ ಸೊಳ್ಳೆಯ ಕಾಟವಿರುತ್ತದೆ. ಬಾಲಿಯಲ್ಲಿ ಡೆಂಗಿ ಇದೆ, ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಂಟಪದ ಸಮೀಪ ಶೌಚಾಲಯವಿದೆಯೇ, ನೆಲದ ಮೇಲೆ ಕೂರಲಾಗದವರಿಗೆ ಕೈಯಿಲ್ಲದ ಕುರ್ಚಿಗಳು ಸಿಗುತ್ತವೆಯೇ ಎಂದು ಕೇಳಲು ಸಂಕೋಚಪಡಬಾರದು. ಬೆಳಗಿನ ಇಷ್ಟಲಿಂಗ ಪೂಜೆ ತಪ್ಪಿಸದವರು ತಂಡದಲ್ಲಿದ್ದರೆ ಒಂದು ಶುಚಿಯಾದ ಮುಚ್ಚಿದ ಕೋಣೆಯನ್ನೂ ಕೇಳಿಡಬೇಕು.

ಅಡುಗೆಮನೆ

ಬಾಲಿಯ ಜನರು ಬಹುಮಟ್ಟಿಗೆ ಹಿಂದೂಗಳಾದ್ದರಿಂದ ಊಟಕ್ಕೆ ತೊಂದರೆಯಿಲ್ಲ ಎಂದು ನಮ್ಮವರು ಭಾವಿಸುತ್ತಾರೆ. ಅದು ತಪ್ಪು ಎಣಿಕೆ. ಅಲ್ಲಿಯ ಹಬ್ಬದಡುಗೆಯಲ್ಲಿ ಹಂದಿಮಾಂಸ ಸಹಜ. ಅದಕ್ಕಿಂತ ಸೂಕ್ಷ್ಮವಾದ ತೊಡಕು ಬೇರೆ ಇದೆ: ‘ತೆರಾಸಿ’ ಎಂಬ ಸಿಗಡಿಯ ಹುದುಗುಮುದ್ದೆಯನ್ನು ಸಂಬಲ್ ಎಂಬ ಅಲ್ಲಿಯ ಖಾರದ ಚಟ್ನಿಗೂ ಕಡಲೆಕಾಯಿಯ ಗೊಜ್ಜಿಗೂ ಸೇರಿಸುವುದುಂಟು. ತಟ್ಟೆಯಲ್ಲಿ ಕಾಣುವುದು ತರಕಾರಿ ಮಾತ್ರ. ಶ್ರೀಲಂಕಾದಲ್ಲಿ ಒಣಮೀನಿನ ‘ಉಂಬಲಕಡ’, ಥಾಯ್ಲೆಂಡಿನಲ್ಲಿ ಮೀನಿನ ರಸ ‘ನಾಮ್ ಪ್ಲಾ’ ಇದೇ ಕೆಲಸ ಮಾಡುತ್ತವೆ. ‘ಸಸ್ಯಾಹಾರ ಸಿಗುತ್ತದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಈ ಪದಾರ್ಥಗಳ ಹೆಸರು ಹಿಡಿದು, ಮೊಟ್ಟೆಯ ಹೆಸರನ್ನೂ ಸೇರಿಸಿ, ಬರಹದಲ್ಲಿ ಕೇಳಬೇಕು. ಪಾತ್ರೆಗಳು ಪ್ರತ್ಯೇಕವೇ ಎಂಬುದು ಮುಂದಿನ ಪ್ರಶ್ನೆ. ಬಾಲಿಯಲ್ಲಿ ಅನ್ನ, ತೆಂಗು, ಎಳೆಯ ಹಲಸು, ಸೋಯಾಕಾಳಿನ ‘ತೆಂಪೆ’, ‘ತಾಹು’ ಧಾರಾಳವಾಗಿರುವುದರಿಂದ ಒಪ್ಪಿಕೊಂಡ ಅಡುಗೆಯವರು ಚೆನ್ನಾಗಿಯೇ ಉಣಿಸುತ್ತಾರೆ. ನೇಪಾಳದ ಪೋಖರಾದಲ್ಲಿ ದಾಲ್-ಭಾತ್-ತರ್ಕಾರಿ ಇರುವುದರಿಂದ ಈ ಚಿಂತೆಯೇ ಕಡಿಮೆ. ಏನೇ ಹೇಳಿದರೂ ನಮ್ಮ ಉತ್ತರ ಕರ್ನಾಟಕದ ಬಂಧುಗಳ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತವೆನ್ನಿ.

ಕಾಲ, ಕಾನೂನು, ಕರಾರು

ಬಾಲಿಯಲ್ಲಿ ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಒಣಹವೆ. ಜುಲೈ, ಆಗಸ್ಟ್‌ಗಳಲ್ಲಿ ಜನಸಂದಣಿಯೂ ದರವೂ ಏರುತ್ತವೆ. ಮೇ, ಜೂನ್, ಸೆಪ್ಟೆಂಬರ್ ಹಿತಕರ. ನಮ್ಮ ಶಾಲಾಕಾಲೇಜುಗಳ ಬೇಸಿಗೆ ರಜೆಯೂ ಮೇ ತಿಂಗಳಲ್ಲಿ ಬರುವುದರಿಂದ ಶಿಕ್ಷಕರಿಗೆ ಅನುಕೂಲ. ಶ್ರೀಲಂಕಾದ ನೈಋತ್ಯ ಕರಾವಳಿಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ, ಪೂರ್ವ ಕರಾವಳಿಯಲ್ಲಿ ಏಪ್ರಿಲಿನಿಂದ ಸೆಪ್ಟೆಂಬರ್. ಪೋಖರಾಕ್ಕೆ ಮುಂಗಾರಿನಲ್ಲಿ ಹೋಗಲೇಬಾರದು. ಮಳೆಯೂ ಬಹಳ, ಹಿಮಶಿಖರವೂ ಕಾಣದು.

ಬಾಲಿಯ ಪಂಚಾಂಗವನ್ನೂ ನೋಡಬೇಕು. ಅವರ ಶಕವರ್ಷದ ಮೊದಲ ದಿನ ‘ನ್ಯೆಪಿ’, ಮೌನದ ದಿನ. ನಮ್ಮ ಶಾಲಿವಾಹನ ಶಕದ ಎಣಿಕೆಯೇ ಅಲ್ಲಿಯೂ ಇದೆ. 2023ರಲ್ಲಿ ನ್ಯೆಪಿಯೂ ಯುಗಾದಿಯೂ ಮಾರ್ಚ್ 22ರಂದೇ ಬಂದವು. ಆ ದಿನ ಬೆಂಕಿ, ಬೆಳಕು, ಕೆಲಸ, ಪ್ರಯಾಣ ಯಾವುದೂ ಇಲ್ಲ. ವಿಮಾನನಿಲ್ದಾಣವು 24 ಗಂಟೆ ಮುಚ್ಚುತ್ತದೆ, ಪ್ರವಾಸಿಗಳೂ ತಂಗಿದಲ್ಲಿಂದ ಹೊರಬರುವಂತಿಲ್ಲ. ತಿಳಿಯದೆ ಆ ದಿನಕ್ಕೆ ಟಿಕೆಟ್ ಕಾಯ್ದಿರಿಸಿದವರಿಗೆ ಸಂಕಟ. ತಿಳಿದು ಯೋಜಿಸಿದವರಿಗೆ ಅಂಥ ಮೌನ ಬೇರೆಲ್ಲಿಯೂ ಹಣ ಕೊಟ್ಟು ಸಿಗುವುದಲ್ಲ. 210 ದಿನಗಳಿಗೊಮ್ಮೆ ಬರುವ ಗಲುಂಗನ್ ಹಬ್ಬದಲ್ಲಿ ತಾಣದ ಸಿಬ್ಬಂದಿ ಊರಿಗೆ ಹೋಗುತ್ತಾರೆ ಎಂಬುದೂ ನೆನಪಿರಲಿ.

ಭಾರತೀಯರಿಗೆ ಬಾಲಿಯಲ್ಲಿ ಬಂದಿಳಿದ ಮೇಲೆ 30 ದಿನಗಳ ವೀಸಾ ದೊರೆಯುತ್ತದೆ. ಶುಲ್ಕ 5 ಲಕ್ಷ ರುಪಿಯಾ. 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿಗನೂ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕವನ್ನು ಕೊಡಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಎಲ್ಲಕ್ಕಿಂತ ಗಂಭೀರವಾದ ಸಂಗತಿ ಯೋಗಗುರುಗಳದು. ಪ್ರವಾಸಿ ವೀಸಾದ ಮೇಲೆ ಹೋದವರು ಅಲ್ಲಿ ಸಂಭಾವನೆ ಪಡೆದು ಬೋಧಿಸುವಂತಿಲ್ಲ. ಮೀರಿದರೆ ದೇಶದಿಂದ ಹೊರಹಾಕುತ್ತಾರೆ. ನಮ್ಮ ಗುರುಗಳು, ನಮ್ಮ ಶಿಷ್ಯರು ಎಂಬ ಸಮಾಧಾನ ಅಲ್ಲಿಯ ಅಧಿಕಾರಿಗಳಿಗೆ ಒಪ್ಪಿಗೆಯಾಗದು. ಯಾವ ವೀಸಾ ಬೇಕೆಂಬುದನ್ನು ಇಂಡೋನೇಷ್ಯಾದ ರಾಯಭಾರ ಕಚೇರಿಯಲ್ಲಿ ಕೇಳಿ ತಿಳಿದ ಮೇಲೆಯೇ ಮುಂಗಡ ಕೊಡಬೇಕು. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ.

ಕೊನೆಗೆ ಕರಾರು. ಸಾಧ್ಯವಾದರೆ ಬಳಗದ ಒಬ್ಬರು ಮೊದಲೇ ಹೋಗಿ ಎರಡು ರಾತ್ರಿ ತಂಗಿ, ಕೋಳಿ ಕೂಗುವ ಹೊತ್ತಿನಲ್ಲಿ ಮಂಟಪದಲ್ಲಿ ಕುಳಿತು ನೋಡಬೇಕು. ಆಗದಿದ್ದರೆ ಕೊಠಡಿಯ ಬಾಗಿಲಿನಿಂದ ಮಂಟಪದವರೆಗೆ ನಡೆದುಹೋಗುವ ವಿಡಿಯೋವನ್ನು, ನಡುವೆ ಎಲ್ಲಿಯೂ ಕತ್ತರಿಸದೆ, ತರಿಸಿಕೊಳ್ಳಬೇಕು. ಮುಂಗಡ ಎಷ್ಟು, ಯಾವ ದಿನಾಂಕದೊಳಗೆ ರದ್ದುಮಾಡಿದರೆ ಎಷ್ಟು ಮರಳುತ್ತದೆ, 2017ರಲ್ಲಿ ಆಗುಂಗ್ ಜ್ವಾಲಾಮುಖಿಯ ಬೂದಿಯಿಂದ ವಿಮಾನನಿಲ್ದಾಣ ಮುಚ್ಚಿದಂತೆ ಮತ್ತೆ ಮುಚ್ಚಿದರೆ ಹೆಚ್ಚುವರಿ ದಿನಗಳ ದರವೇನು ಎಂಬುದು ಕಾಗದದ ಮೇಲೆ ಇರಬೇಕು. ಆ ಕಾಗದದ ಒಂದು ಪ್ರತಿಯನ್ನು ಹಣ ಕಟ್ಟುವ ಪ್ರತಿಯೊಬ್ಬರಿಗೂ ನಾವು ಮೊದಲೇ ಕೊಡುತ್ತೇವೆ. ಮೆಟ್ಟಿಲುಗಳ ಸಂಖ್ಯೆಯೂ ಅದರಲ್ಲಿ ಬರೆದಿರುತ್ತದೆ.