ಇಡೀ ಬೆಟ್ಟ, ಇಡೀ ದಿನ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದರೆ ಸುಮಾರು 50 ಕಿ.ಮೀ. ದೂರದಲ್ಲಿ ದಾಬಸ್‌ಪೇಟೆ. ಅಲ್ಲಿಂದ ಎದ್ದು ಕಾಣುವುದು ಶಿವಗಂಗೆ ಬೆಟ್ಟ. ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ನಾಗರ ಎನ್ನುತ್ತಾರೆ ಈ ಸೀಮೆಯವರು. ಒಂದೊಂದು ದಿಕ್ಕಿಗೆ ಒಂದೊಂದು ರೂಪ; ಇಡೀ ಬೆಟ್ಟ ನೋಡಬೇಕಾದರೆ ಸುತ್ತಿಯೇ ಬರಬೇಕು.

ಈ ‘ಇಡೀ’ ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ‘ಇಡಿ’ ಎಂದರೆ ಒತ್ತೊತ್ತಾಗಿ ತುಂಬು ಎಂಬ ಅರ್ಥವೂ ಇತ್ತು. ಜಾತ್ರೆಯಲ್ಲಿ ಜನ ‘ಇಡಿಕಿರಿದು’ ನೆರೆದರು ಎನ್ನುವಾಗ ಆ ಹಳೆಯ ಅರ್ಥ ಇಂದಿಗೂ ಉಸಿರಾಡುತ್ತದೆ. ಒಮ್ಮೆಗೇ ಕೊಡುವ ಹಣ ‘ಇಡಿಗಂಟು’.

ಇದರ ಜೋಡಿ ಪದ ‘ಬಿಡಿ’. ಹಲಸಿನ ಕಾಲದಲ್ಲಿ ರಸ್ತೆ ಬದಿಯ ವ್ಯಾಪಾರಿ ಕೇಳುತ್ತಾರೆ: “ಇಡೀ ಹಣ್ಣು ಬೇಕೋ, ತೊಳೆ ಬಿಡಿಸಿ ಕೊಡಲೋ?” ಕೈಗೆ ಎಣ್ಣೆ ಸವರಿ, ಮೇಣ ಒರೆಸಿ, ಒಂದೊಂದೇ ತೊಳೆ ಎತ್ತಿಡುವಾಗ ಇಡಿ ಬಿಡಿಯಾಗುವುದು ಕಣ್ಣೆದುರೇ ಕಾಣುತ್ತದೆ.

‘ಎಲ್ಲ’ ಹಲವನ್ನು ಎಣಿಸುತ್ತದೆ, ‘ಇಡೀ’ ಒಂದನ್ನು ಒಂದಾಗಿಯೇ ಹಿಡಿಯುತ್ತದೆ: ಶಿವಗಂಗೆಯಲ್ಲಿ ಸಂಕ್ರಾಂತಿಗೆ ನಡೆಯುವ ಗಿರಿಜಾ ಕಲ್ಯಾಣಕ್ಕೆ ಎಲ್ಲ ಊರುಗಳಿಂದ ಜನ ಬಂದರು; ಇಡೀ ಊರು ಬೆಟ್ಟಕ್ಕೆ ಹೊರಟಿತು. ‘ಪೂರ್ಣ’ವೂ ಬೇರೆ. ಪೂರ್ಣಕುಂಭದಲ್ಲಿ ಕಂಠಮಟ್ಟ ನೀರಿರಬೇಕು. ಕೊಡ ಇಡಿಯಾಗಿ ಉಳಿದಿದೆ ಎಂದರೆ, ನೀರಿಲ್ಲದಿದ್ದರೂ ಸರಿ, ಒಡೆದಿಲ್ಲ ಎಂದರ್ಥ. ಸಂಸ್ಕೃತದಿಂದ ಬಂದ ‘ಅಖಂಡ’ವೂ ಇದನ್ನೇ ಹೇಳುತ್ತದೆ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರು ‘ಅಖಂಡ ಕರ್ನಾಟಕ’ ಕೇಳಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು.

ಪುಸ್ತಕಕ್ಕೆ ‘ಸಮಗ್ರ’ ಉಂಟು, ಭಾಷಣಕ್ಕೆ ‘ಸಂಪೂರ್ಣ’ ಉಂಟು. ಅಡುಗೆಮನೆಗೆ, ಅಂಗಳಕ್ಕೆ, ಜೋಗುಳಕ್ಕೆ ‘ಇಡೀ’ಯೇ ಬೇಕು. ಇಡೀ ರಾತ್ರಿ ಮಗುವನ್ನು ತೊಟ್ಟಿಲಲ್ಲಿ ತೂಗಿದ ತಾಯಿಯ ದಣಿವನ್ನು ಬೇರಾವ ಪದವೂ ಇಷ್ಟು ಹತ್ತಿರದಿಂದ ಹೇಳದು. ಈಗ ಬೆಂಗಳೂರಿನಲ್ಲೂ ಹೊರನಾಡಿನಲ್ಲೂ ಆ ಜಾಗಕ್ಕೆ ‘ಫುಲ್’ ಬಂದು ಕೂತಿದೆ. ನಿಘಂಟಿನಲ್ಲಿ ಉಳಿದರೆ ಪದ ಉಳಿದಂತಲ್ಲ. ಅದು ನಾಲಿಗೆಯ ಮೇಲೆ ಉಳಿಯಬೇಕು.

ದೂರದ ಊರುಗಳಲ್ಲಿ ಬಿಡಿಬಿಡಿಯಾಗಿ ನೆಲೆಸಿರುವ ನಮ್ಮನ್ನು ಇಡಿಯಾಗಿ ಹಿಡಿದಿಟ್ಟಿರುವುದು ಮನೆಯ ಮಾತು. ಮಕ್ಕಳು ‘ಫುಲ್ ಡೇ’ ಎಂದಾಗ ಗದರಬೇಡಿ. ‘ಇಡೀ ದಿನ’ ಎಂದು ನೀವು ಹೇಳಿ, ಅವರೂ ಹೇಳುತ್ತಾರೆ.