ಮೊರದ ಬಾಗಿನ, ಗೊಂಬೆ ಬಾಗಿನ, ಬೂ ಬುಟ್ಟಿ

ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಂತೆ, ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಹ್ಯಾಲೋವೀನ್ ಹಬ್ಬದ ಸುದ್ದಿ ತಪ್ಪದೆ ಇಣುಕುತ್ತದೆ. ಮಕ್ಕಳ ವೇಷಭೂಷಣ, ಕಣ್ಣು ಬಾಯಿ ಕೊರೆದ ಕುಂಬಳಕಾಯಿ ಇವೆಲ್ಲ ನಮಗೀಗ ಪರಿಚಿತವೇ. ಈಚೆಗೆ ಅವರು ಬರೆಯುತ್ತಿರುವುದು ‘ಬೂ ಬುಟ್ಟಿ’ಯ ವಿಷಯ. ಒಂದು ಸಣ್ಣ ಬುಟ್ಟಿಯಲ್ಲಿ ಮಿಠಾಯಿ, ಆಟಿಕೆ, ಮೇಣದಬತ್ತಿ ಮೊದಲಾದವನ್ನು ಜೋಡಿಸಿ, ಕತ್ತಲಾದ ಮೇಲೆ ನೆರೆಮನೆಯ ಬಾಗಿಲಲ್ಲಿಟ್ಟು, ಕರೆಗಂಟೆ ಒತ್ತಿ ಓಡಿಬಿಡುವುದು. ಇಟ್ಟವರು ಯಾರೆಂದು ತಿಳಿಯಬಾರದು. ಬುಟ್ಟಿಯಲ್ಲಿರುವ ಚೀಟಿ, ಪಡೆದವರು ಒಂದೆರಡು ದಿನಗಳೊಳಗೆ ಮತ್ತೆರಡು ಮನೆಗಳಿಗೆ ಹೀಗೆಯೇ ಬುಟ್ಟಿ ಇಡಬೇಕೆಂದು ಕೇಳಿಕೊಳ್ಳುತ್ತದೆ. ಬುಟ್ಟಿ ಬಂದ ಮನೆಯವರು ಭೂತದ ಚಿತ್ರವೊಂದನ್ನು ಬಾಗಿಲಿಗೆ ಅಂಟಿಸುತ್ತಾರೆ. ಈ ಮನೆಗೆ ಭೂತ ಬಂದು ಹೋಗಿದೆ, ಇನ್ನು ಬೇರೆ ಮನೆಯನ್ನು ನೋಡಿ ಎಂಬುದು ಅದರ ಸೂಚನೆ.

“ಮೇಷ್ಟ್ರೇ, ನಮ್ಮ ರಾಜಾಜಿನಗರದಲ್ಲಿ ಇಂಥದ್ದು ಏನಾದರೂ ಇತ್ತೇ?” ಎಂದು ಒಬ್ಬರು ಕೇಳಿದ್ದಾರೆ. ಇತ್ತು, ಒಂದಲ್ಲ, ಹಲವು ಬಗೆಯಲ್ಲಿ ಇತ್ತು. ಆದರೆ ಪ್ರಶ್ನೆಗೆ ನೇರ ಉತ್ತರ ಹೇಳುವ ಮುನ್ನ ಆ ಹಬ್ಬದ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಉಚಿತ.

ಹ್ಯಾಲೋವೀನ್ ಎಂದರೆ ಸಕಲ ಸಂತರ ದಿನದ ಹಿಂದಿನ ಸಂಜೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪ್ರಾಚೀನ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಹೊತ್ತಿನಲ್ಲಿ ‘ಸಾವಿನ್’ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. 9ನೆಯ ಶತಮಾನದ ಹೊತ್ತಿಗೆ ಕ್ರೈಸ್ತ ಧರ್ಮಸಭೆಯು ನವೆಂಬರ್ 1ನ್ನು ಸಂತರ ದಿನವಾಗಿ ನೆಲೆಗೊಳಿಸಿತು. ಮುಂದೆ ನವೆಂಬರ್ 2 ಮೃತರ ಆತ್ಮಗಳ ಸ್ಮರಣೆಯ ದಿನವಾಯಿತು. ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವೆವೆಂದು ಹೇಳಿ, ‘ಆತ್ಮದ ರೊಟ್ಟಿ’ ಎಂಬ ಸಿಹಿ ತಿನಿಸನ್ನು ಪಡೆಯುತ್ತಿದ್ದರು. ಹಬ್ಬದ ಹುರುಳು ಇರುವುದು ಇಲ್ಲಿಯೇ. ಸತ್ತವರ ನೆನಪಿನಲ್ಲಿ ಬದುಕಿರುವವರಿಗೆ, ಅದರಲ್ಲೂ ಇಲ್ಲದವರಿಗೆ, ಏನನ್ನಾದರೂ ಕೊಡುವುದು.

1845ರಿಂದ ಐರ್ಲೆಂಡನ್ನು ಕಾಡಿದ ಆಲೂಗಡ್ಡೆಯ ಕ್ಷಾಮದಿಂದ ಕಂಗೆಟ್ಟು ಸಾಗರ ದಾಟಿದ ಜನ ಈ ಹಬ್ಬವನ್ನೂ ಅಮೆರಿಕೆಗೆ ಕೊಂಡೊಯ್ದರು. ಮಕ್ಕಳು ಬಾಗಿಲು ತಟ್ಟಿ ಮಿಠಾಯಿ ಕೇಳುವ ಪದ್ಧತಿ ಅಲ್ಲಿ 1930ರ ದಶಕದಲ್ಲಿ ಹರಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಸೊರಗಿ, 1947ರಲ್ಲಿ ಆ ನಿರ್ಬಂಧ ತೆರವಾದ ಮೇಲೆ ಮತ್ತೆ ಚಿಗುರಿತು. 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಹಬ್ಬದ ರಾತ್ರಿ ಯುನಿಸೆಫ್ ಸಂಸ್ಥೆಗಾಗಿ ಬಿಡಿಗಾಸು ಕೂಡಿಸಿದರು. ಯುದ್ಧದಿಂದ ನೊಂದ ಬೇರೆ ದೇಶಗಳ ಮಕ್ಕಳಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ನಾನೇನು ಅಮೆರಿಕೆಯನ್ನು ಕಂಡವನಲ್ಲ. ಆದರೂ ಈ ಸಂಗತಿ ನನಗೆ ಕುಂಬಳಕಾಯಿಗಿಂತ ಹೆಚ್ಚು ಮೆಚ್ಚುಗೆಯಾಗಿದೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿಯೂ ಹಿರಿಯರ ಸ್ಮರಣೆಗೆ ಮೀಸಲಾದ ದಿನವಿದೆ, ಮಹಾಲಯ ಅಮಾವಾಸ್ಯೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗತಿಸಿದವರಿಗೆ ಇಷ್ಟವಾಗಿದ್ದ ತಿಂಡಿ ತಿನಿಸುಗಳನ್ನೂ ಹೊಸ ಬಟ್ಟೆಯನ್ನೂ ಎಡೆ ಇಟ್ಟು, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಕೆಲಹೊತ್ತು ಹೊರಗೆ ಕಾಯುವ ರೂಢಿಯುಂಟು. ಹಿರಿಯರು ಬಂದು ಉಂಡು ಹೋಗಲೆಂಬ ಭಾವನೆ. ಅದರ ಮರುದಿನವೇ ನವರಾತ್ರಿ. ನಿನ್ನೆ ಹಿರಿಯರಿಗಾಗಿ ಮುಚ್ಚಿದ್ದ ಬಾಗಿಲು ಇಂದು ಮಕ್ಕಳಿಗಾಗಿ ತೆರೆಯುತ್ತದೆ. ಏಕೆಂದರೆ ಅಂದಿನಿಂದ ಗೊಂಬೆಗಳ ಹಬ್ಬ. ಹ್ಯಾಲೋವೀನಿಗೂ ನಮ್ಮ ನವರಾತ್ರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಮೃತರ ದಿನದ ಪಕ್ಕದಲ್ಲಿಯೇ, ಸಿಹಿ ಕೇಳಿಕೊಂಡು ಮಕ್ಕಳು ಮನೆಮನೆಗೆ ಬರುವ ದಿನವನ್ನು ಎರಡು ನಾಡಿನ ಜನರೂ ಇಟ್ಟುಕೊಂಡದ್ದು ವಿಸ್ಮಯವಲ್ಲವೇ?

ವಿಜಯನಗರದ ಮಹಾನವಮಿಯ ವೈಭವವನ್ನು 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕನೂ, ಮುಂದಿನ ಶತಮಾನದಲ್ಲಿ ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜರೂ ಬಣ್ಣಿಸಿದ್ದಾರೆ. ಆ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಅರಮನೆಯಲ್ಲಿ ಇಂದಿಗೂ ‘ಗೊಂಬೆ ತೊಟ್ಟಿ’ ಎಂಬ ಅಂಕಣವಿದೆ. ಅರಮನೆಯಲ್ಲಿ ದರ್ಬಾರು ನಡೆದರೆ ಪ್ರಜೆಗಳ ಮನೆಯಲ್ಲಿ ಗೊಂಬೆಗಳ ದರ್ಬಾರು. ಮೆಟ್ಟಿಲುಗಳ ಮೇಲ್ತುದಿಯಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳುಹಿಸುವ ರಾಜ ರಾಣಿಯರ ಜೋಡಿ. ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು, ಮಣ್ಣಿನ ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿ, ಅವರ ಮುಂದೆ ದಿನಸಿ ಅಂಗಡಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಮಕ್ಕಳ ದಂಡು ಹೊರಡುತ್ತಿತ್ತು. “ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೀರಾ?” ಎಂಬುದೊಂದೇ ಅವರ ಪ್ರಶ್ನೆ. ಆ ಪ್ರಶ್ನೆಗೆ ಬಾಗಿಲು ತೆರೆಯದ ಮನೆಯಿರಲಿಲ್ಲ. ಮಕ್ಕಳು ಗೊಂಬೆಗಳನ್ನು ನೋಡಬೇಕು, ಬಂದ ಹಾಡೊಂದನ್ನು ಹೇಳಬೇಕು, ಬಳಿಕ ಕೈಯೊಡ್ಡಬೇಕು. ಆಗ ದೊರೆಯುವುದೇ ಗೊಂಬೆ ಬಾಗಿನ. ಕಡಲೆಕಾಳಿನ ಉಸಲಿ, ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ, ರವೆ ಉಂಡೆ ಹೀಗೆ ದಿನಕ್ಕೊಂದು ಬಗೆ. ಇಂದು ಏನೆಂಬುದನ್ನು ಗೃಹಿಣಿ ಮೊದಲೇ ಹೇಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆರೆಯುವವರೆಗೂ ಗುಟ್ಟು. ಯಾರ ಮನೆಯಲ್ಲಿ ಏನು ಎಂಬ ವರದಿ ಮಾತ್ರ ಹತ್ತು ನಿಮಿಷದೊಳಗೆ ಬೀದಿಯ ಕೊನೆಯವರೆಗೆ ತಲಪಿರುತ್ತಿತ್ತು! ಪಾಠದಲ್ಲಿ ಇಷ್ಟು ನೆನಪಿನ ಶಕ್ತಿಯನ್ನು ತೋರಿಸಿದ್ದರೆ ನಿಮ್ಮಲ್ಲಿ ಎಷ್ಟೋ ಮಂದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದಿರಿ.

ಚೇಷ್ಟೆಗೂ ನಮ್ಮಲ್ಲಿ ಕೊರತೆಯಿರಲಿಲ್ಲ. ಕಾಮನ ಹಬ್ಬಕ್ಕೆ ಹುಡುಗರು ಸೌದೆ, ಮುರುಕು ಕುರ್ಚಿ ಕದಿಯುತ್ತಿದ್ದರು. ಮಲೆನಾಡಿನಲ್ಲಿ ದೀಪಾವಳಿಯ ಸಮಯದ ‘ಬೂರೆ’ಯ ರಾತ್ರಿ ತೋಟದ ಕಾಯಿಪಲ್ಲೆ ಕದ್ದರೆ ಯಾರೂ ಅದನ್ನು ಕಳವೆಂದು ಎಣಿಸುತ್ತಿರಲಿಲ್ಲ. ಸೌದೆ ಕದ್ದ ಹುಡುಗರೇ ನವರಾತ್ರಿಯಲ್ಲಿ ಸಭ್ಯರಾಗಿ ಬಂದು ಉಸಲಿಗೆ ಕೈಯೊಡ್ಡುತ್ತಿದ್ದರೆಂಬುದು ಬೇರೆ ಮಾತು.

ಈ ಕೊಡುಕೊಳ್ಳುವಿಕೆಗೆ ರಾಜಾಜಿನಗರದಲ್ಲಿ ಒಂದು ವಿಶೇಷ ಅರ್ಥವಿತ್ತು. ಮಲ್ಲೇಶ್ವರ, ಬಸವನಗುಡಿಗಳು 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಡಾವಣೆಗಳು. ನಮ್ಮದು ಸ್ವಾತಂತ್ರ್ಯ ಬಂದ ಮೇಲೆ, 1949ರ ಸುಮಾರಿಗೆ, ಕೈಗಾರಿಕಾ ಉಪನಗರವಾಗಿ ಮೈದಳೆದು, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಪಡೆದ ಬಡಾವಣೆ. 1945ರಲ್ಲಿ ಸ್ಥಾಪನೆಗೊಂಡ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು, ಅಂದರೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾದ ಸಂಸ್ಥೆಯು, ಇಲ್ಲಿ ನಿವೇಶನಗಳನ್ನು ಹಂಚಿತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂದ ಮೇಲೆ ಗಾಳಿ ಬೀಸಿದ ಕಡೆಗೆಲ್ಲ ಗಂಧದ ಪರಿಮಳ. ಕಾರ್ಖಾನೆಗಳನ್ನು ನಂಬಿ ತುಮಕೂರು, ಹಾಸನ, ಮಂಡ್ಯ, ಕೋಲಾರ, ಮಂಗಳೂರು ಮೊದಲಾದ ಕಡೆಗಳಿಂದ ಬಂದವರು ಒಂದೇ ಗೋಡೆಯ ಆಚೀಚೆ ನೆಲೆಸಿದರು. ಊರಿನಲ್ಲಿ ನೆರೆಯವರೆಂದರೆ ನಾಲ್ಕು ತಲೆಮಾರಿನ ಪರಿಚಯ. ಇಲ್ಲಿ ಪಕ್ಕದ ಮನೆಯವರ ಭಾಷೆ ಯಾವುದೆಂಬುದೇ ಮೊದಲ ಪ್ರಶ್ನೆಯಾಗಿತ್ತು.

ಅಪರಿಚಿತರನ್ನು ನೆರೆಯವರನ್ನಾಗಿ ಮಾಡಿದ್ದು ತಟ್ಟೆ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳ ಮಿಶ್ರಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ರಂಜಾನ್ ದಿನ ಶೀರ್ ಖುರ್ಮಾದ ಪಾತ್ರೆ. ಕ್ರಿಸ್ಮಸ್ಸಿಗೆ ಮಂಗಳೂರಿನ ಕ್ಯಾಥೊಲಿಕ್ ಮನೆಗಳಿಂದ ‘ಕುಸ್ವಾರ್’ ಎಂಬ ಹತ್ತಾರು ತಿನಿಸುಗಳ ತಟ್ಟೆ, ಕಸೂತಿ ಬಟ್ಟೆ ಮುಚ್ಚಿಕೊಂಡು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಎಲ್ಲರಿಗೂ ಒಪ್ಪಿತವಾಗಿದ್ದ ನಿಯಮ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದರು. ಪಡಿತರ ಚೀಟಿಯ ಸಕ್ಕರೆಯನ್ನು ತಿಂಗಳಿಡೀ ಎಣಿಸಿ ಬಳಸುತ್ತಿದ್ದ ಕಾಲದಲ್ಲಿ ಆ ಹಿಡಿ ಸಕ್ಕರೆಯ ಬೆಲೆಯೇನೆಂಬುದನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ.

ಬಾಗಿಲಿಗೆ ಭೂತದ ಗುರುತು ಹಾಕುವ ಅಭ್ಯಾಸವೂ ನಮಗೆ ಹೊಸದಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಸುಣ್ಣದಲ್ಲಿಯೋ ಇದ್ದಲಿನಲ್ಲಿಯೋ ‘ನಾಳೆ ಬಾ’ ಎಂದು ಬರೆದದ್ದು ನಿಮಗೆ ನೆನಪಿರಬಹುದು. ರಾತ್ರಿ ದೆವ್ವವೊಂದು ಬಂದು, ಆಪ್ತರ ದನಿಯಲ್ಲಿ ಕರೆಯುವುದಂತೆ. ಬಾಗಿಲು ತೆರೆದವರು ಸಾಯುವರಂತೆ. ಬರಹವನ್ನು ಓದಿ ಹಿಂದಿರುಗುವ ದೆವ್ವ ಮರುದಿನ ಬಂದು ಮತ್ತೆ ಅದನ್ನೇ ಓದುವುದಂತೆ! ನಗುವ ವಿಷಯವೇ ಸರಿ. ಆದರೆ ನೆರೆಯವರ ಪರಿಚಯವಿಲ್ಲದ ನಗರದಲ್ಲಿ, ರಾತ್ರಿ ಬಾಗಿಲು ಬಡಿದ ಸದ್ದು ಹುಟ್ಟಿಸುವ ಭಯವೇ ಆ ದೆವ್ವವೆಂದು ನನಗೆ ತೋರುತ್ತದೆ. ಬೂ ಬುಟ್ಟಿಯ ಜನ ಇದೇ ಭಯವನ್ನು ತಿರುವಿ ಹಾಕಿದ್ದಾರೆ. ಕತ್ತಲಲ್ಲಿ ಬಾಗಿಲು ಬಡಿಯುತ್ತದೆ, ತೆರೆದರೆ ಮಿಠಾಯಿ.

ಈಗ ಸ್ವಲ್ಪ ಗಂಭೀರವಾದ ಮಾತು. ನಮ್ಮ ಉಡುಗೊರೆಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಗೌರಿ ಹಬ್ಬದ ಮೊರದ ಬಾಗಿನ. ತೊಳೆದು ಅರಿಸಿನ ಬಳಿದ ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಗೋಧಿ, ರವೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಾಚಣಿಗೆ, ಕನ್ನಡಿ, ಕುಂಕುಮಗಳನ್ನು ಜೋಡಿಸಿ, ಮತ್ತೊಂದು ಮೊರದಿಂದ ಮುಚ್ಚಿ, ಸೆರಗನ್ನು ಹೊದಿಸಿ ಕೊಡುವ ಆ ಬಾಗಿನದಲ್ಲಿ ಒಂದು ಸಂಸಾರಕ್ಕೆ ಬೇಕಾದುದೆಲ್ಲದರ ಮಾದರಿಯಿದೆ. ಕನ್ನಂಬಾಡಿ ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಅರ್ಪಿಸುವುದೂ ಬಾಗಿನವನ್ನೇ. ಆದರೆ ಈ ಬಾಗಿನಕ್ಕೆ ಒಂದು ಪಟ್ಟಿಯಿತ್ತು. ಅದು ಮುತ್ತೈದೆಯರಿಗೆ ಮಾತ್ರ.

ನಮ್ಮ ಬೀದಿಯಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರಿದ್ದರು. ಅವರ ಕೈಯ ಚಕ್ಕುಲಿಗೆ ಬಡಾವಣೆಯಲ್ಲಿ ಸಾಟಿಯಿರಲಿಲ್ಲ. ಹಬ್ಬ ಬಂತೆಂದರೆ ಹತ್ತು ಮನೆಯ ಹಿಟ್ಟು ಅವರ ಅಡುಗೆಮನೆಗೆ ಬರುತ್ತಿತ್ತು. ಹತ್ತು ಮನೆಯ ತಿನಿಸು ಅಲ್ಲಿಂದ ಹೋಗುತ್ತಿತ್ತು. ಮೊರ ಮಾತ್ರ ಅವರ ಹೊಸ್ತಿಲನ್ನು ಎಂದೂ ತುಳಿಯಲಿಲ್ಲ. ಕೆಟ್ಟವರಾರೂ ಆ ಬೀದಿಯಲ್ಲಿರಲಿಲ್ಲ. ಸಂಪ್ರದಾಯವೆಂದು ಹೇಳಿಬಿಟ್ಟರೆ ಒಳ್ಳೆಯವರೂ ಮುಂದೆ ಯೋಚಿಸುವುದಿಲ್ಲ, ಅಷ್ಟೇ. 1899ರಲ್ಲಿಯೇ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಬಾಲವಿಧವೆಯ ಪುನರ್ವಿವಾಹವನ್ನು ಚಿತ್ರಿಸಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಗಿ, ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಪುಸ್ತಕವನ್ನು ಮೆಚ್ಚಿ ಓದಿದ ಮನೆಗಳಲ್ಲಿಯೂ ಬಾಗಿನದ ಪಟ್ಟಿ ಮಾತ್ರ ಬದಲಾಗಲಿಲ್ಲ.

ಆ ತಾಯಿ ನವರಾತ್ರಿಯಲ್ಲಿ ನಾಲ್ಕೇ ಗೊಂಬೆಗಳನ್ನು ಒಂದು ಮಣೆಯ ಮೇಲೆ ಇಡುತ್ತಿದ್ದರು. ಮಕ್ಕಳ ದಂಡು ಮೊದಲು ಓಡುತ್ತಿದ್ದದ್ದು ಅಲ್ಲಿಗೆ. ಚಕ್ಕುಲಿ ಕೊಡುವವರು ಮುತ್ತೈದೆಯೋ ಅಲ್ಲವೋ ಎಂದು ಯಾವ ಮಗುವೂ ವಿಚಾರಿಸಲಿಲ್ಲ. ದೊಡ್ಡವರ ಪಟ್ಟಿಯಿಂದ ಹೊರಗುಳಿದ ಮನೆ ಮಕ್ಕಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಗೊಂಬೆ ಬಾಗಿನವನ್ನು ನಾನು ಮೊರದ ಬಾಗಿನಕ್ಕಿಂತ ಒಂದು ಮೆಟ್ಟಿಲು ಮೇಲೆ ಇಡುವುದು ಈ ಕಾರಣದಿಂದ. ಬೂ ಬುಟ್ಟಿಯಲ್ಲಿ ನನಗೆ ಹಿಡಿಸಿದ ಗುಣವೂ ಇದೇ. ಕೊಟ್ಟವರು ಯಾರೆಂದು ತಿಳಿಯದಿರುವುದರಿಂದ ಮುಯ್ಯಿ ತೀರಿಸುವ ಲೆಕ್ಕವಿಲ್ಲ. ಪಡೆದವರು ಹಿಂದಕ್ಕೆ ಕೊಡುವುದಿಲ್ಲ, ಮುಂದಕ್ಕೆ ಕೊಡುತ್ತಾರೆ.

ಇಂದು ರಾಜಾಜಿನಗರದ ಹಳೆಯ ಮನೆಗಳು ಬಹುಮಹಡಿಗಳಾಗಿವೆ. 2014ರಿಂದ ಮೆಟ್ರೋ ರೈಲು ನಮ್ಮ ತಲೆಯ ಮೇಲೆ ಓಡುತ್ತಿದೆ. ನಗರದ ಕೆಲವು ವಸತಿ ಸಮುಚ್ಚಯಗಳಲ್ಲಿ ಅಕ್ಟೋಬರ್ 31ರ ಸಂಜೆ ಮಕ್ಕಳು ಭೂತದ ವೇಷ ತೊಟ್ಟು ಬಾಗಿಲು ತಟ್ಟುತ್ತಾರೆ. ಮರುದಿನ ಬೆಳಿಗ್ಗೆ ಅದೇ ಮಕ್ಕಳು ಹಳದಿ ಕೆಂಪು ಬಾವುಟ ಹಿಡಿದು ರಾಜ್ಯೋತ್ಸವಕ್ಕೆ ನಿಲ್ಲುತ್ತಾರೆ. ಇದನ್ನು ಕಂಡು ಕೆಲವು ಹಿರಿಯರು ಸಿಡುಕುವುದುಂಟು. ನನಗೆ ಸಿಡುಕಿಲ್ಲ. ಬಾಗಿಲು ತಟ್ಟುವ ಮಕ್ಕಳೇ ಇಲ್ಲದ ಬೀದಿಗಿಂತ ಭೂತದ ವೇಷದ ಮಕ್ಕಳಿರುವ ಬೀದಿ ಲೇಸು.

ಆದ್ದರಿಂದ, ಪರದೇಶದಲ್ಲಿರುವ ನನ್ನ ಶಿಷ್ಯರಿಗೆ ಹೇಳುವುದಿಷ್ಟು. ಬೂ ಬುಟ್ಟಿಯನ್ನು ಸಂತೋಷವಾಗಿ ಜೋಡಿಸಿ. ಪ್ಲಾಸ್ಟಿಕ್ ಭೂತಗಳ ಬದಲು ಒಂದು ಚನ್ನಪಟ್ಟಣದ ಬುಗುರಿ, ಒಂದು ಪೊಟ್ಟಣ ಕೋಡುಬಳೆ, ಎರಡು ರವೆ ಉಂಡೆ ಇಡಿ. ಕಡಲೆಕಾಯಿ, ಗೋಡಂಬಿಗಳು ಆಗದ ಮಕ್ಕಳು ಅಲ್ಲಿ ಹೆಚ್ಚೆಂದು ಕೇಳಿದ್ದೇನೆ. ಏನೇನು ಹಾಕಿದೆಯೆಂದು ಚೀಟಿಯಲ್ಲಿ ತಪ್ಪದೆ ಬರೆಯಿರಿ. ಊರಿನಲ್ಲಿರುವವರು ನವರಾತ್ರಿಗೆ ಮೇದರ ಬಳಿ ಒಂದು ಮೊರವನ್ನು ಹೆಚ್ಚಾಗಿ ಕೊಂಡುಕೊಳ್ಳಿ. ಬಿದಿರು ಹೆಣೆಯುವ ಕೈಗಳಿಗೂ ಹಬ್ಬವಾಗಲಿ. ಆದರೆ ಬುಟ್ಟಿಯೋ ಮೊರವೋ, ತುಂಬುವ ಮುನ್ನ ನಿಮ್ಮ ಬೀದಿಯ ಮನೆಗಳನ್ನು ಒಮ್ಮೆ ಎಣಿಸಿ ನೋಡಿ. ಯಾರ ಬಾಗಿಲಿಗೆ ವರ್ಷವಿಡೀ ಯಾರೂ ಏನನ್ನೂ ತಂದಿಲ್ಲವೋ, ಅಂದರೆ ಒಂಟಿಯಾಗಿರುವ ವೃದ್ಧರು, ಹೊಸದಾಗಿ ಬಂದ ಬಾಡಿಗೆದಾರರು, ಸಾವು ಕಂಡ ಮನೆಯವರು, ಕಾವಲುಗಾರನ ಮಕ್ಕಳು, ಅಲ್ಲಿಂದ ಪ್ರಾರಂಭಿಸಿ.

ನಿಮ್ಮ ಮನೆಗಳ ಗೊಂಬೆ ಬಾಗಿನದಲ್ಲಿ ಏನೇನಿತ್ತೆಂಬುದನ್ನು ಬರೆದು ತಿಳಿಸಿ. ಯಾರ ಮನೆಯ ಕೊಬ್ಬರಿ ಮಿಠಾಯಿ ದೊಡ್ಡದಾಗಿತ್ತೆಂಬ ಹಳೆಯ ವ್ಯಾಜ್ಯವನ್ನೂ ಇತ್ಯರ್ಥ ಮಾಡೋಣ. ಎಲ್ಲರಿಗೂ ಶುಭವಾಗಲಿ.