ಹೆಸರಿನಿಂದ ನಮ್ಮದಾದ ಗಿಡ

ವರ್ತೂರಿನಂತಹ ಊರುಗಳ ದಾರಿಯಂಚಿನಲ್ಲಿಯೂ ಅಗೆದುಬಿಟ್ಟ ಬಯಲಿನಲ್ಲಿಯೂ ಬೆಳೆಯುವ ಒಂದು ಕುರುಚಲು ಗಿಡವನ್ನು ವಾಚಕರು ನೋಡಿರಬಹುದು. ಅದರ ಹೂವು ಚಿಕ್ಕದು, ಹಳದಿ, ಐದೆಸಳಿನದು. ಕುಲವು ಹತ್ತಿ, ಬೆಂಡೆ, ದಾಸವಾಳಗಳದು. ಸಸ್ಯಶಾಸ್ತ್ರಜ್ಞರು ಅದನ್ನು ಮಾಲ್ವಾಸ್ಟ್ರಮ್ ಕೊರಮಂಡೇಲಿಯಾನಮ್ ಎಂದು ಕರೆಯುವರು.

ಈ ಹೆಸರನ್ನು ಕೇಳಿದವರು ಅದರ ಜನ್ಮಭೂಮಿಯು ಚೋಳಮಂಡಲದ ಕರಾವಳಿಯೆಂದೇ ಭಾವಿಸುವರು. 1753ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಅದಕ್ಕೆ ಆ ತೀರದ ಹೆಸರನ್ನಿತ್ತನು. 1857ರಲ್ಲಿ ಜರ್ಮನಿಯ ಗಾರ್ಕೆ ಎಂಬಾತನು ಅದನ್ನು ಬೇರೊಂದು ಜಾತಿಗೆ ಸೇರಿಸಿದಾಗಲೂ ತೀರದ ಹೆಸರು ಹಾಗೆಯೇ ಉಳಿಯಿತು. ಆದರೆ ಗಿಡದ ತವರು ಅಮೆರಿಕಾ ಖಂಡ! ಮೊನೆಗಳುಳ್ಳ ಅದರ ಕಾಯಿಯ ಹೋಳುಗಳು ಪಶುಗಳ ರೋಮಕ್ಕೂ ಮನುಷ್ಯರ ಬಟ್ಟೆಗೂ ಅಂಟಿಕೊಂಡು ಸಂಚರಿಸುವುವು. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿಯೂ ಅದು ಬೇರೂರಿದೆ. ಲಕ್ಷಾಂತರ ವರ್ಷ ಏಕಾಂತದಲ್ಲಿ ಬೆಳೆದ ದ್ವೀಪಸಸ್ಯಗಳಿಗೆ ಇಂತಹ ಅತಿಥಿಗಳ ಪೈಪೋಟಿಯು ದುಸ್ಸಹವಾದುದು.

ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದಿತು. ಅದನ್ನು ನಾವು ಬಿತ್ತಿ ನಮ್ಮದನ್ನಾಗಿ ಮಾಡಿಕೊಂಡೆವು. ಈ ಗಿಡವನ್ನು ಇಲ್ಲಿ ಯಾರೂ ಬಿತ್ತುವುದಿಲ್ಲ. ನೆಲವನ್ನು ಕೆದಕಿ ಬರಿದಾಗಿ ಬಿಟ್ಟಲ್ಲಿ ಅದು ತಾನಾಗಿಯೇ ಏಳುವುದು. ಆದುದರಿಂದ ವರ್ತೂರಿನ ಹೊಲಗದ್ದೆಗಳು ನಿವೇಶನಗಳಾದ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ಕಡತಗಳನ್ನೂ ಓದಿದ ಬಳಿಕ ಈ ಗಿಡದ ಸಾಕ್ಷ್ಯವನ್ನೂ ಕೇಳತಕ್ಕುದು.